ಜಗಲಿಯ ಹಣ್ಣಿನ ಗಿಡಕ್ಕೆ ನುಸಿ ಹತ್ತಿದರೆ ಮೊದಲು ಎಲೆ ಮಗುಚಿ

ದೀಪಾವಳಿ ಕಳೆಯುತ್ತಿದ್ದಂತೆ ಶಿರಸಿ, ಸಿದ್ದಾಪುರ ಕಡೆ ಕುಂಡದಲ್ಲಿ ಗಿಡ ಸಾಕುವವರದ್ದು ಒಂದೇ ದೂರು. ಜಗಲಿಯ ನಿಂಬೆ ಮಂಕಾಗಿದೆ, ಗಿಡ್ಡ ತಳಿಯ ಪಪ್ಪಾಯಿ ಎಲೆ ಹಳದಿಯಾಗಿದೆ, ಕಿಟಕಿ ಸರಳಿಗೆ ಹಬ್ಬಿಸಿದ ಪ್ಯಾಷನ್ ಫ್ರೂಟ್ ಎಲೆ ಉದುರಿಸುತ್ತಿದೆ. ಗೊಬ್ಬರ ಸಾಲದೇನೋ ಎಂದು ಇನ್ನೊಂದು ಹಿಡಿ ಗೊಬ್ಬರ ಹಾಕುತ್ತಾರೆ, ಮೇಲಿಂದ ಒಂದು ಚೊಂಬು ನೀರು ಜಾಸ್ತಿ. ಸಾರಜನಕ ಹೆಚ್ಚಾದ ಎಳೆ ಎಲೆಯೆಂದರೆ ಈ ಪೀಡೆಗೆ ಇನ್ನೂ ಇಷ್ಟ. ಎಲೆ ಮಗುಚಿ ಅಡಿ ನೋಡಿದವರು ಮಾತ್ರ ಸಿಗುವುದಿಲ್ಲ.

ಇದು ನುಸಿ. ತೆಂಗಿನಕಾಯಿ ಮೇಲೆ ಕಂದು ಕಲೆ ಎಬ್ಬಿಸುವ ನುಸಿ ನಮ್ಮವರಿಗೆ ಗೊತ್ತು, ಬೇಸಿಗೆಯಲ್ಲಿ ಅಡಿಕೆ ಸಸಿಯ ಎಲೆ ಒಣಗಿಸುವುದೂ ಗೊತ್ತು. ಕುಂಡಕ್ಕೆ ಬರುವುದು ಅವುಗಳ ದಾಯಾದಿ, ಬಲೆ ಕಟ್ಟುವ ಜೇಡನುಸಿ. ದೊಡ್ಡದೆಂದರೂ ಅರ್ಧ ಮಿಲಿಮೀಟರ್. ಇದು ಕೀಟವಲ್ಲ, ಎಂಟು ಕಾಲಿನ ಜೇಡದ ಬಳಗ. ಈ ಮಾತು ನೆನಪಿಟ್ಟುಕೊಳ್ಳಿ, ಔಷಧಿ ಅಂಗಡಿಯಲ್ಲಿ ಬೇಕಾಗುತ್ತದೆ.

ಒಳಗಿಟ್ಟ ಗಿಡಕ್ಕೇ ಯಾಕೆ ಜಾಸ್ತಿ? ಅಂಗಳದ ಗಿಡಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಡಿಯುತ್ತದೆ, ನುಸಿ ತೊಳೆದುಹೋಗುತ್ತದೆ. ಬೇರು ಕೊಳೆಯುತ್ತದೆಂದು ನಾವು ಮಾಡಿನಡಿಗೆ ತಂದಿಟ್ಟ ಕುಂಡಕ್ಕೆ ಆ ಮಳೆ ಇಲ್ಲ. ಆಮೇಲೆ ಒಣ ಹವೆ ಶುರುವಾಗುತ್ತದೆ, ಜೊತೆಗೆ ಕೆಂಪು ಧೂಳು. ಕಾರವಾರ, ಕುಮಟಾದವರು "ನಮ್ಮಲ್ಲಿ ಸಮುದ್ರದ ಗಾಳಿ, ಸದಾ ತೇವ, ನುಸಿ ಬರಲ್ಲ" ಅಂತಾರೆ. ಎಸಿ ಓಡುವ ಕೋಣೆಯ ಕಿಟಕಿಯಲ್ಲಿ, ಹೆದ್ದಾರಿ ಧೂಳು ಬೀಳುವ ಬಾಲ್ಕನಿಯಲ್ಲಿ ಸಮುದ್ರ ಏನು ಮಾಡೀತು?

ಮೊದಲು ಖಾತ್ರಿ ಮಾಡಿಕೊಳ್ಳಿ

ಎಲೆಯ ಮೇಲ್ಗಡೆ ರವೆ ಚೆಲ್ಲಿದ ಹಾಗೆ ಸಣ್ಣ ತಿಳಿ ಚುಕ್ಕೆಗಳು ಕಂಡರೆ ಅನುಮಾನಪಡಿ. ಬಿಳಿ ಕಾಗದವನ್ನು ಎಲೆಯ ಕೆಳಗೆ ಹಿಡಿದು ಎಲೆಗೆ ಎರಡು ಏಟು ತಟ್ಟಿ, ಅರ್ಧ ನಿಮಿಷ ಸುಮ್ನೆ ನೋಡಿ. ಧೂಳಾದರೆ ಬಿದ್ದಲ್ಲೇ ಇರುತ್ತದೆ, ನುಸಿಯಾದರೆ ನಡೆಯುತ್ತದೆ. ಬೆರಳಿನಿಂದ ಒರೆಸಿದರೆ ಹಸಿರೋ ಕೆಂಪೋ ಒಂದು ಗೀರು ಮೂಡುತ್ತದೆ. ಕಣ್ಣಿಗೆ ಸಿಗದಿದ್ದರೆ ಎಲೆಯ ಅಡಿಯ ಫೋಟೋ ತೆಗೆದು ಹಿಗ್ಗಿಸಿ ನೋಡಿ. ನಡುನರದ ಪಕ್ಕದಲ್ಲಿ ದುಂಡನೆಯ ಮೊಟ್ಟೆ, ಕಳಚಿದ ಬಿಳಿ ಪೊರೆ, ನೂಲಿನಂಥ ಬಲೆ ಎಲ್ಲ ಅಲ್ಲೇ ಇರುತ್ತವೆ.

ಪಪ್ಪಾಯಿ ಎಲೆಯಲ್ಲಿ ಹಸಿರು-ಹಳದಿ ತೇಪೆ, ಕಾಯಿಯ ಮೇಲೆ ಉಂಗುರದ ಗುರುತು ಇದ್ದರೆ ಅದು ವೈರಸ್ ರೋಗ. ಅದಕ್ಕೆ ಯಾವ ಸಿಂಪಡಣೆಯೂ ಇಲ್ಲ, ದುಡ್ಡು ಹಾಳು ಮಾಡಬೇಡಿ.

ಖಾತ್ರಿಯಾದ ಕೂಡಲೇ ಆ ಕುಂಡವನ್ನು ಬೇರೆ ಗಿಡಗಳಿಂದ ದೂರ ಇಡಿ. ನುಸಿ ನೂಲು ಹಿಡಿದು ಗಾಳಿಯಲ್ಲಿ ತೇಲುತ್ತದೆ, ನಿಮ್ಮ ಅಂಗಿ ತೋಳಿಗೆ ಹತ್ತಿಕೊಂಡೂ ಹೋಗುತ್ತದೆ. ಹಾಗಾಗಿ ಒಳ್ಳೆಯ ಗಿಡಕ್ಕೆ ಮೊದಲು ನೀರು ಹಾಕಿ, ರೋಗದ್ದಕ್ಕೆ ಕೊನೆಗೆ.

ತೊಳೆಯುವುದು

ಜನ ಎಡವುವುದು ಇಲ್ಲೇ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ತಂದು ಮೇಲಿಂದ ನಾಲ್ಕು ಸಲ ಪುಸ್ ಪುಸ್ ಅನ್ನಿಸಿ ಒಳಗೆ ಹೋಗುತ್ತಾರೆ. ನುಸಿ ಎಲೆಯ ಅಡಿಯಲ್ಲಿ ಬಲೆಯೊಳಗೆ ಒಣಗಿಯೇ ಕೂತಿರುತ್ತದೆ.

ಬೆಳಿಗ್ಗೆಯೇ ಮಾಡಿ, ಎಲೆ ಒಣಗಲು ಹೊತ್ತು ಸಿಗಬೇಕು. ತೀರಾ ಹಾಳಾದ ಎಲೆ, ಬಲೆ ಕಟ್ಟಿದ ತುದಿಗಳನ್ನು ಕತ್ತರಿಸಿ ಅಲ್ಲಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಪ್ಯಾಷನ್ ಫ್ರೂಟ್ ಬಳ್ಳಿಯನ್ನು ಧಾರಾಳವಾಗಿ ಸವರಿ, ಅದು ಮತ್ತೆ ಚಿಗುರುತ್ತದೆ. ಆದರೆ ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಲೆ ತೆಗೆಯಬೇಡಿ, ಪಪ್ಪಾಯಿಗಂತೂ ತುದಿ ಮುಟ್ಟಲೇಬೇಡಿ. ಆಮೇಲೆ ಇನ್ನೊಂದು ಚೀಲವನ್ನು ಸೀಳಿ ಕುಂಡದ ಮಣ್ಣಿನ ಮೇಲೆ ಹೊದಿಸಿ, ಕಾಂಡದ ಸುತ್ತ ದಾರ ಕಟ್ಟಿ. ಇಲ್ಲದಿದ್ದರೆ ಮಣ್ಣೆಲ್ಲ ಕೆಸರಾಗಿ ಬೇರು ಉಸಿರುಗಟ್ಟುತ್ತದೆ, ನುಸಿಯಿಂದ ಬದುಕಿದ ಗಿಡ ಕೊಳೆತು ಸಾಯುತ್ತದೆ.

ಈಗ ಕುಂಡವನ್ನು ಬಚ್ಚಲಿಗೆ ಒಯ್ದು ಓರೆಯಾಗಿ ಮಲಗಿಸಿ. ಫ್ಲ್ಯಾಟಿನವರಿಗೆ ಟಾಯ್ಲೆಟ್‌ನ ಹೆಲ್ತ್ ಫಾಸೆಟ್‌ಗಿಂತ ಒಳ್ಳೆಯ ಸಾಧನ ಇಲ್ಲ, ನಗಬೇಡಿ. ಹಳ್ಳಿ ಮನೆಯಾದರೆ ಅಂಗಳದಲ್ಲಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ಆಯಿತು. ಎಡಗೈಯನ್ನು ಎಲೆಯ ಮೇಲ್ಗಡೆ ಆನಿಸಿ, ಬಲಗೈಯಿಂದ ಕೆಳಗಿನಿಂದ ಮೇಲಕ್ಕೆ ನೀರು ಹೊಡೆಯಿರಿ. ಕೈ ಆನಿಸದೆ ಹೊಡೆದರೆ ಪಪ್ಪಾಯಿಯ ಪೊಳ್ಳು ತೊಟ್ಟು ಪಟ್ಟನೆ ಮುರಿಯುತ್ತದೆ. ನಡುನರದ ಎರಡೂ ಪಕ್ಕ, ತೊಟ್ಟು ಎಲೆಗೆ ಸೇರುವ ಮೂಲೆ, ಚಿಗುರಿನ ಸಂದು ಇಲ್ಲೆಲ್ಲ ಎರಡು ಸಲ. ಒಂದು ಎಲೆಯನ್ನೂ ಬಿಡುವಂತಿಲ್ಲ. ಬಿಟ್ಟ ಒಂದು ಎಲೆಯ ಹೆಣ್ಣು ನುಸಿಗಳು ಒಂದೊಂದೂ ಹತ್ತಾರು ಮೊಟ್ಟೆ ಇಡುತ್ತವೆ, ನಿಮ್ಮ ಶ್ರಮ ನೀರುಪಾಲು.

ನಿಂಬೆ, ರಂಬೂಟಾನ್, ಬಾಳೆಯಂಥ ನುಣುಪು ಎಲೆಯವಕ್ಕೆ ನೀರಿನ ನಂತರ ಬಟ್ಟೆಯಲ್ಲಿ ಒರೆಸುವುದು ಇನ್ನೂ ಒಳ್ಳೆಯದು. ಹಳೇ ಪಂಚೆ ತುಂಡು ಸಾಕು. ತೊಟ್ಟಿನಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಬಾಳೆ ಎಲೆಯಾದರೆ ನಡುದಂಟಿನಿಂದ ಅಂಚಿಗೆ, ಗೆರೆ ಹಿಡಿದು, ಇಲ್ಲದಿದ್ದರೆ ಹರಿಯುತ್ತದೆ. ಪ್ರತಿ ಎಲೆಗೂ ಬಟ್ಟೆಯ ಮಡಿಕೆ ಬದಲಿಸಿ, ಆಗಾಗ ಹಿಂಡಿ. ಕೊಳೆ ಬಟ್ಟೆಯಲ್ಲೇ ಒರೆಸುತ್ತಾ ಹೋದರೆ ಮೊದಲ ಎಲೆಯ ನುಸಿಯನ್ನು ಹತ್ತನೇ ಎಲೆಗೆ ನೀವೇ ಕೂರಿಸಿದಂತೆ. ಆಸರೆಯ ಕೋಲು, ಕಟ್ಟಿದ ಸುತಳಿ, ಕುಂಡದ ಅಂಚು, ಕಿಟಕಿಯ ಸರಳು ಇವನ್ನೂ ಒರೆಸಿ. ಸುತಳಿಯನ್ನಂತೂ ಬಿಸಾಡಿ ಹೊಸದು ಕಟ್ಟಿ.

ಎಣ್ಣೆ

ಸಂಜೆ ಬೇವಿನ ಎಣ್ಣೆ. 1 ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, 2ರಿಂದ 3 ಮಿ.ಲೀ. ದ್ರವ ಸಾಬೂನು. ಎಣ್ಣೆಯನ್ನು ನೇರ ನೀರಿಗೆ ಸುರಿದರೆ ಮೇಲೆ ತೇಲುತ್ತದೆ, ಒಂದು ಎಲೆಗೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ ಬಿದ್ದು ಸುಡುತ್ತದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಸಾಬೂನು, ಅದಕ್ಕೆ ಎಣ್ಣೆ ಹಾಕಿ ಹಾಲಿನ ಬಣ್ಣ ಬರುವವರೆಗೆ ಕುಲುಕಿ, ಆಮೇಲೆ ಉಳಿದ ನೀರು ಸೇರಿಸಿ. ಅಂದೇ ಮುಗಿಸಿ, ನಾಳೆಗೆ ಇಡಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡವೇ ಬೇಡ, ಎಲೆಯ ಮೇಲಿನ ಮೇಣ ಕಿತ್ತುಹಾಕುತ್ತದೆ. ನನ್ನನ್ನು ಕೇಳಿದರೆ ಸಾಬೂನಿನ ಜಾಗದಲ್ಲಿ ಅಂಟುವಾಳಕಾಯಿಯೇ ಒಳ್ಳೆಯದು. ಏಳೆಂಟು ಕಾಯಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ಬೇಕಾದಷ್ಟು ನೊರೆ.

ಮೊದಲು ಒಂದೇ ಎಲೆಗೆ ಹೊಡೆದು ಒಂದು ದಿನ ನೋಡಿ, ಪಪ್ಪಾಯಿ ಎಲೆ ಬಹಳ ಸೂಕ್ಷ್ಮ. ಆಮೇಲೆ ಎಲೆಯ ಅಡಿ ತೊಟ್ಟಿಕ್ಕುವಷ್ಟು ಸಿಂಪಡಿಸಿ. ಎಣ್ಣೆ ಮುಖ್ಯವಾಗಿ ಕೆಲಸ ಮಾಡುವುದು ನುಸಿಯ ಮೈಮೇಲೆ ಬಿದ್ದರೆ, ಹತ್ತಿರ ಬಿದ್ದರೆ ಅಲ್ಲ.

ಮತ್ತೆ, ಮತ್ತೆ

ಒಂದು ಸಲ ಮಾಡಿ ನಿಲ್ಲಿಸಿದರೆ ಮಾಡದಿದ್ದ ಹಾಗೆಯೇ. ಎಲ್ಲ ಮೊಟ್ಟೆಗಳೂ ಸಾಯುವುದಿಲ್ಲ. ಮಾರ್ಚ್-ಏಪ್ರಿಲ್ ಸೆಕೆಯಲ್ಲಿ ಮೂರರಿಂದ ಐದು ದಿನಕ್ಕೆ ಮರಿಯಾಗಿ, ಒಂದು-ಒಂದೂವರೆ ವಾರದಲ್ಲಿ ಅದೇ ಮೊಟ್ಟೆ ಇಡಲು ತಯಾರು. ಆದ್ದರಿಂದ ಬೇಸಿಗೆಯಲ್ಲಿ 5 ದಿನಕ್ಕೊಮ್ಮೆ, ಡಿಸೆಂಬರ್-ಜನವರಿಯ ಚಳಿಯಲ್ಲಿ 7 ದಿನಕ್ಕೊಮ್ಮೆ, ಒಟ್ಟು ಮೂರ್ನಾಲ್ಕು ಸಲ ತೊಳೆದು ಸಿಂಪಡಿಸಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಎರಡನೇ ಸಲಕ್ಕೆ ಗಿಡ ಚೆನ್ನಾಗಿ ಕಾಣುತ್ತದೆ, ಎಲ್ಲರೂ ಕೈಬಿಡುವುದು ಆಗಲೇ. ಹಳೇ ಎಲೆಯ ಚುಕ್ಕೆ ಮಾಯುವುದಿಲ್ಲ, ಅದನ್ನು ನೋಡಿ ಗಾಬರಿ ಬೇಡ. ಹೊಸ ಎಲೆ ಹಸನಾಗಿ ಬಂದು, ಕಾಗದದ ಮೇಲೆ ಏನೂ ನಡೆಯದಿದ್ದರೆ ಕುಂಡ ವಾಪಸ್ ಜಾಗಕ್ಕೆ ಬರಬಹುದು.

ಅಂಗಡಿಯ ಮಾತು. "ಎಲೆಗೆ ಹುಳ" ಅಂದರೆ ಅನೇಕ ಕಡೆ ಇಮಿಡಾಕ್ಲೋಪ್ರಿಡ್ ಕೊಡುತ್ತಾರೆ. ಅದು ಕೀಟಕ್ಕೆ, ನುಸಿಗಲ್ಲ. ಅದು, ಸೈಪರ್‌ಮೆಥ್ರಿನ್ ತರಹದವು ನುಸಿ ತಿನ್ನುವ ಸಣ್ಣ ಗುಲಗಂಜಿ ಹುಳಗಳನ್ನು ಕೊಂದುಹಾಕಿ ನುಸಿಯನ್ನು ಹೆಚ್ಚಿಸಲೂಬಹುದು. ಅಡಿಕೆಗೆ ಹೊಡೆದು ಉಳಿದ ಕೊಳೆ ಔಷಧಿಯನ್ನು ಕುಂಡಕ್ಕೆ ಸುರಿಯುವವರೂ ಇದ್ದಾರೆ. ಮೈಲುತುತ್ತು-ಸುಣ್ಣ ಶಿಲೀಂಧ್ರಕ್ಕೆ, ಇದಕ್ಕಲ್ಲ. ಒಲೆ ಬೂದಿ ಎರಚಿದರೆ ಇರುವ ಧೂಳಿಗೆ ಇನ್ನಷ್ಟು ಧೂಳು. ನುಸಿಗೆಂದೇ ಇರುವ ಕಟು ರಾಸಾಯನಿಕಗಳು ಸಿಗುತ್ತವೆ, ಆದರೆ ನಾವು ಮಲಗುವ, ಉಣ್ಣುವ ಜಾಗದಲ್ಲಿ, ಮಕ್ಕಳು ಕಿತ್ತು ತಿನ್ನುವ ಹಣ್ಣಿನ ಗಿಡಕ್ಕೆ ನಾನಂತೂ ಹೇಳಲಾರೆ.

ತೀರಾ ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕ, ಶೇ. 80ರದ್ದು, ಲೀಟರಿಗೆ 2ರಿಂದ 3 ಗ್ರಾಂ. ಮನೆಯೊಳಗೆ ಹೊಡೆಯಬೇಡಿ, ಕುಂಡವನ್ನು ಅಂಗಳಕ್ಕೆ ಒಯ್ಯಿರಿ, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಬೇವಿನ ಎಣ್ಣೆ ಹೊಡೆದು ಕನಿಷ್ಠ 2 ವಾರ ಆಗಿರಬೇಕು. ಬಿಸಿಲು 32 ಡಿಗ್ರಿ ದಾಟುವ ದಿನ ಬೇಡ. ಈ ಎರಡರಲ್ಲಿ ಯಾವುದು ತಪ್ಪಿದರೂ ಎಲೆ ಸುಟ್ಟುಹೋಗುತ್ತದೆ.

ಚಿಗುರಿನ ತುದಿಗೂ ಬಲೆ ಮುಸುಕಿ, ಗಿಡದಲ್ಲಿ ಎರಡೇ ಎಲೆ ಉಳಿದಿದ್ದರೆ ಹೋರಾಡುತ್ತಾ ಕೂರಬೇಡಿ. ಉಳಿದ ಕುಂಡಗಳಿಗೆ ಹಬ್ಬುವ ಮೊದಲು ಕಿತ್ತು ಚೀಲಕ್ಕೆ ತುಂಬಿ. ಗೊಬ್ಬರಗುಂಡಿಗೆ ಎಸೆಯಬೇಡಿ. ಕತ್ತರಿಸಿಟ್ಟ ಎಲೆ, ಕಿತ್ತ ಗಿಡ ಎಲ್ಲವನ್ನೂ ಬಿಸಿಲಿನಲ್ಲಿ ಚೀಲದೊಳಗೇ ಬಾಡಿಸಿ, ಚೀಲ ಬಿಟ್ಟು ಸೊಪ್ಪನ್ನು ಮಾತ್ರ ಬಚ್ಚಲೊಲೆಗೆ ಹಾಕಿ. ಕುಂಡವನ್ನು ಸೋಪು ನೀರಿನಲ್ಲಿ ತಿಕ್ಕಿ ಒಣಗಿಸಿ. ಮಣ್ಣನ್ನು ಒಂದು ವಾರ ಬಿಸಿಲಿಗೆ ಹರವಿದರೆ ಮತ್ತೆ ಬಳಸಲು ಅಡ್ಡಿಯಿಲ್ಲ.