ಉಪದಾನದಲ್ಲಿ ದಾನ ಎಲ್ಲಿಂದ ಬಂತು?

ವಕೀಲರಿಗೆ ಕಾಗದಪತ್ರದಲ್ಲಿ ನೆರವಾಗುವ ಪ್ಯಾರಾ ಲೀಗಲ್ ಡಿಪ್ಲೊಮಾಗೆ ಸೇರಿ ಎರಡು ತಿಂಗಳಾಗಿತ್ತು. ಕಾರ್ಮಿಕ ಕಾಯ್ದೆಗಳ ಪಾಠ ಬಂದಾಗ ಎಲ್ಲರಂತೆ ನಾನೂ ಇಸವಿ ಉರು ಹೊಡೆಯಲು ಶುರು ಮಾಡಿದೆ. ವೇತನ ಪಾವತಿ 1936, ಕನಿಷ್ಠ ವೇತನ 1948, ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ 1951, ಗ್ರಾಚ್ಯುಟಿ 1972. ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಯಲ್ಲಿ, ಹುಟ್ಟಿ ಬೆಳೆದವಳು ನಾನು. ಆದರೂ ಇವೆಲ್ಲ ನಮ್ಮ ಮನೆಯವರ ವಿಷಯವೇ ಅಂತ ಹೊಳೆದಿರಲಿಲ್ಲ.

ಹೊಳೆಸಿದ್ದು ದೊಡ್ಡಮ್ಮ. ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಗ್ರಾಚ್ಯುಟಿ ಹಣಕ್ಕೆ ಕಾಯ್ದೆಯ ಕನ್ನಡದಲ್ಲಿ ‘ಉಪದಾನ’ ಅನ್ನುತ್ತಾರೆ. ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವರು ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದರು. “ದಾನ ಯಾಕೆ ಮಗಾ? ನಾವೇನ್ ದುಡಿದಿಲ್ವಾ?” ಅಂದರು. ಪುಸ್ತಕ ಮುಚ್ಚಿಟ್ಟು, “ನಿಮಗೆಷ್ಟು ಕೊಟ್ರು ದೊಡ್ಡಮ್ಮ?” ಅಂತ ಕೇಳಿದೆ. ಮಂಡಿ ನೋವಿಂದ 2025ರ ಮಾರ್ಚಿನಲ್ಲಿ, ಹಣ್ಣು ಕುಯ್ಲು ಮುಗಿಸಿ ಕೆಲಸ ಬಿಟ್ಟಿದ್ದರು. ಸಾಹುಕಾರರು ಒಂದು ಸೀರೆ, ಐದು ಸಾವಿರ ರೂಪಾಯಿ ಕೊಟ್ಟಿದ್ದರು. ನಮ್ಮ ಲೈನಿನಲ್ಲಿ ಅದನ್ನೇ ‘ಸರ್ವಿಸ್ ದುಡ್ಡು’ ಅಂದುಕೊಂಡಿದ್ದೆವು.

ಗ್ರಾಚ್ಯುಟಿ ಕಾಯ್ದೆ ಹೇಳುವುದೇ ಬೇರೆ: ಐದು ವರ್ಷ ಸತತ ಸೇವೆ ಆಗಿದ್ದರೆ, ತಾವಾಗಿಯೇ ಕೆಲಸ ಬಿಟ್ಟರೂ, ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ ಕೊಡಬೇಕು. ಆರು ತಿಂಗಳು ಮೀರಿದ ತುಂಡು ವರ್ಷವನ್ನೂ ಪೂರ್ತಿ ವರ್ಷ ಅಂತಲೇ ಹಿಡಿಯಬೇಕು. ದೊಡ್ಡಮ್ಮನದು 22 ವರ್ಷ, ಕೊನೆಯ ಕೂಲಿ ದಿನಕ್ಕೆ 400. ಮೊದಲ ಲೆಕ್ಕದಲ್ಲೇ ತಪ್ಪಿದೆ. ಅವರ ತಿಂಗಳ ಬಟವಾಡೆ 10,400 ರೂಪಾಯಿಯನ್ನು ಮೂವತ್ತರಿಂದ ಭಾಗಿಸಿ, ಹದಿನೈದರಿಂದ ಗುಣಿಸಿ, ಒಟ್ಟು 1,14,400 ಅಂತ ಬರೆದೆ. ಭಾಗಿಸಬೇಕಾದ್ದು 26ರಿಂದ. ವಾರಕ್ಕೊಂದರಂತೆ ತಿಂಗಳಿಗೆ ನಾಲ್ಕು ರಜೆ ಕಳೆದರೆ ದುಡಿಯುವ ದಿನ ಇಪ್ಪತ್ತಾರೇ ಅನ್ನುವುದನ್ನು ಸುಪ್ರೀಂ ಕೋರ್ಟು 1980ರಲ್ಲೇ, ದಿಗ್ವಿಜಯ್ ವುಲನ್ ಮಿಲ್ಸ್ ಪ್ರಕರಣದಲ್ಲಿ ಒಪ್ಪಿತ್ತು. 1987ರ ತಿದ್ದುಪಡಿಯಲ್ಲಿ ಅದು ಕಾಯ್ದೆಯೊಳಗೇ ಸೇರಿತು. ಹಾಗೆ ಹಾಕಿದರೆ 1,32,000. ನನ್ನ ಒಂದು ತಪ್ಪಿಗೆ ದೊಡ್ಡಮ್ಮನಿಗೆ 17,600 ಖೋತಾ ಆಗುತ್ತಿತ್ತು. ಅವತ್ತಿಂದ ಕಲಂ ಓದಿದ ಕೂಡಲೇ ಯಾರದ್ದಾದರೂ ಬಟವಾಡೆ ಚೀಟಿ ಇಟ್ಟುಕೊಂಡು ಲೆಕ್ಕ ಹಾಕುವುದನ್ನೇ ಓದು ಅಂದುಕೊಂಡೆ.

ನಮೂನೆ ‘ಐ’ ತುಂಬಿ ಎಸ್ಟೇಟಿಗೆ ಕೊಟ್ಟೆವು. ಕೆಲಸಗಾರರು ಅರ್ಜಿ ಕೊಡದಿದ್ದರೂ ಲೆಕ್ಕ ಹಾಕಿ ಕೊಡುವುದು ಮಾಲೀಕರ ಕರ್ತವ್ಯವೇ. ಆದರೆ ಕಾಗದ ಕೈಗೆ ಬಾರದೆ ಯಾರೂ ಅಲ್ಲಾಡುವುದಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಚೆಕ್‌ರೋಲ್ (ಹಾಜರಿ ಪುಸ್ತಕ) ತಿರುವಿ, “ನಿಮ್ಮ ದೊಡ್ಡಮ್ಮನ ಹೆಸರು ಶುರುವಾಗೋದೇ 2009ರಲ್ಲಿ. ಹದಿನಾರು ವರ್ಷ ಅಷ್ಟೇ” ಅಂದರು. ಅದಕ್ಕೂ ಹಿಂದಿನ ಆರು ವರ್ಷ ಅವರೆಲ್ಲ ಮೇಸ್ತ್ರಿ ಲೆಕ್ಕದ ಆಳುಗಳಂತೆ. ಪಿಎಫ್ ಕೂಡ ಆಗ ಕಟ್ಟಿರಲಿಲ್ಲ.

ಒಂದು ವರ್ಷದ ಸತತ ಸೇವೆ ಅಂತ ಹಿಡಿಯಲು ಕಾಯ್ದೆ ಕೇಳುವುದು 240 ದಿನದ ಕೆಲಸ. ಆ ದಿನಗಳನ್ನು ತೋರಿಸಬೇಕಾದವರು ಯಾರು? ಓದಬೇಕಾದ ಎರಡು ತೀರ್ಪುಗಳೂ ಕರ್ನಾಟಕದಿಂದ ಹೋದವೇ. 2002ರ ಹಡಿಮನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರುಜುವಾತಿನ ಹೊಣೆ ಕೆಲಸಗಾರನ ಮೇಲೆ, ಬರೀ ಅಫಿಡವಿಟ್ ಸಾಲದು ಅಂದಿತು. ಓದಿ ಹೊಟ್ಟೆ ಉರಿಯಿತು. ಪುಸ್ತಕ ಇಟ್ಟುಕೊಳ್ಳುವವರು ಅವರು, ದಾಖಲೆ ತರಬೇಕಾದವರು ನಾವಾ? ಆಮೇಲಿನ ಯಳ್ಳಟ್ಟಿ ಪ್ರಕರಣ ಸ್ವಲ್ಪ ಉಸಿರು ಕೊಟ್ಟಿತು: ಕೆಲಸಗಾರ ಸಾಕ್ಷಿ ಕಟ್ಟೆ ಹತ್ತಿ ಹೇಳಲಿ, ಮಾಲೀಕರ ಹಾಜರಿ ಪುಸ್ತಕವನ್ನು ತರಿಸಲು ಕೇಳಲಿ. ಎರಡೂ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕರಣಗಳು, ಆದರೆ 240ರ ತಕರಾರು ಎಲ್ಲ ಕಡೆಯೂ ಒಂದೇ.

ನಮ್ಮ ಹತ್ತಿರ ಇದ್ದ ದಾಖಲೆ ಅಟ್ಟದ ಮೇಲಿತ್ತು. ದೊಡ್ಡಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿಗೆ ಒಂದು ಗೀಟು, ಕೆಲಸಕ್ಕೆ ಹೋದ ದಿನಕ್ಕೆ ಒಂದು ಸೊನ್ನೆ ಹಾಕುತ್ತಿದ್ದರು, ಬಟವಾಡೆ ದಿನ ಮೇಸ್ತ್ರಿ ಮೋಸ ಮಾಡದಿರಲಿ ಅಂತ. ಅರ್ಧ ದಿನಕ್ಕೆ ಅರ್ಧ ಸೊನ್ನೆ. ಜುಲೈ ಪುಟಗಳಲ್ಲಿ ಮಳೆಗೆ ಸಾಲು ಸಾಲು ಖಾಲಿ. ಡಿಸೆಂಬರ್, ಜನವರಿಯಲ್ಲಿ ಭಾನುವಾರವೂ ಸೊನ್ನೆ. ದೇವರ ಚಿತ್ರ ಇದ್ದದ್ದನ್ನು ಬಿಸಾಡಬಾರದು ಅಂತ ಸುರುಳಿ ಸುತ್ತಿ ಇಟ್ಟಿದ್ದರು. ಆರು ವರ್ಷದಲ್ಲಿ ನಾಲ್ಕು ಸಿಕ್ಕಿದವು. ಉಳಿದೆರಡರಲ್ಲಿ ಗೊಬ್ಬರದ ಮೂಟೆಯ ಚಿತ್ರ ಇತ್ತಂತೆ, ಬಚ್ಚಲೊಲೆಗೆ ಹೋಗಿವೆ.

ಮೂರು ರಾತ್ರಿ ಕೂತು ಸೊನ್ನೆ ಎಣಿಸಿದೆ. ಅತಿ ಕಡಿಮೆ ಸೊನ್ನೆಯಿದ್ದ ವರ್ಷದಲ್ಲೂ 251.

ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾಯ್ದೆಯ ಪ್ರಕಾರ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಿಕ್ಕ ವಕೀಲರು ಸುರುಳಿ ಬಿಡಿಸಿ ನೋಡಿ ನಕ್ಕರು, ಆಮೇಲೆ ನಗಲಿಲ್ಲ. “ಇದೊಂದೇ ನಿಲ್ಲಲ್ಲಮ್ಮ. ಆ ಕಾಲದ ರೇಷನ್ ಕಾರ್ಡ್, ಮಗನ ಶಾಲೆ ದಾಖಲಾತಿಯಲ್ಲಿರೋ ವಿಳಾಸ, ಜೊತೆಗೆ ದುಡಿದ ಇಬ್ಬರು ತನ್ನಿ” ಅಂದರು. ರೇಷನ್ ಕಾರ್ಡಿನಲ್ಲೂ ಶಾಲೆಯ ರಿಜಿಸ್ಟರಿನಲ್ಲೂ ಅದೇ ಎಸ್ಟೇಟಿನ ಲೈನ್ ಇತ್ತು. ಸಾಕ್ಷಿಗೆ ಬರಲು ಜನ ಒಪ್ಪಿಸುವುದೇ ಕಷ್ಟವಾಯಿತು. ಅವರಿನ್ನೂ ಅಲ್ಲೇ ಕೆಲಸದಲ್ಲಿದ್ದರು. ಕೊನೆಗೆ ಬಂದವರು ಕೆಲಸ ಬಿಟ್ಟು ಊರು ಸೇರಿದ್ದವರು. ನಾನು ವಾದ ಮಾಡುವ ಹಾಗಿಲ್ಲ, ಕಾಗದ ಜೋಡಿಸುವುದಷ್ಟೇ ನನ್ನ ಕೆಲಸ. ಬಾಯಿ ಮುಚ್ಚಿಕೊಂಡಿರುವುದು ನಾನು ಕಲಿತ ಕಷ್ಟದ ಪಾಠ.

ಇದರ ನಡುವೆ 2025ರ ನವೆಂಬರ್ 21ರಂದು ಹಳೇ ಕಾಯ್ದೆಗಳ ಬದಲು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಉರು ಹೊಡೆದಿದ್ದ ಇಸವಿಗಳೆಲ್ಲ ನೀರಿಗೆ! ಗ್ರಾಚ್ಯುಟಿ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗಿದೆ, ನಿಗದಿತ ಅವಧಿಗೆ ಸೇರಿದವರಿಗೆ ಐದು ವರ್ಷದ ಷರತ್ತೂ ಇಲ್ಲ. ದೊಡ್ಡಮ್ಮ ಕೆಲಸ ಬಿಟ್ಟಿದ್ದು ಅದಕ್ಕಿಂತ ಮೊದಲಾದ್ದರಿಂದ ಅವರ ಲೆಕ್ಕ ಹಳೇ ಕಾಯ್ದೆಯದೇ.

ಜನವರಿಯಲ್ಲಿ ಕಾರ್ಮಿಕ ಅಧಿಕಾರಿಯ ಮುಂದೆ ಇಪ್ಪತ್ತು ವರ್ಷಕ್ಕೆ ಒಪ್ಪಂದವಾಯಿತು, 1,20,000. ಒಲೆಗೆ ಹೋದ ಎರಡು ವರ್ಷ ಹೋದವು. ತಡವಾದದ್ದಕ್ಕೆ ವರ್ಷಕ್ಕೆ ಶೇಕಡಾ 10 ಬಡ್ಡಿಯೂ ಕೇಳಬಹುದಿತ್ತು, ಅಂದರೆ ತಿಂಗಳಿಗೆ ಸಾವಿರ. ದೊಡ್ಡಮ್ಮ ಬೇಡವೆಂದರು: “ಸರ್ಕಾರಿ ಬಸ್ಸು ಫ್ರೀ ಅಂತಾರೆ, ನಮ್ಮೂರಿಗೆ ಬರೋದು ಪ್ರೈವೇಟ್ ಬಸ್ಸು. ಇನ್ನೆಷ್ಟು ಸಲ ಚಿಕ್ಕಮಗಳೂರಿಗೆ ಅಲೀಲಿ ಮಗಾ?” ನನಗೆ ಈಗಲೂ ಒಪ್ಪಿಗೆಯಿಲ್ಲ. ಆದರೆ ದುಡ್ಡು ಅವರದು, ಮಂಡಿಯೂ ಅವರದು.

ಈಗ ಅಮ್ಮನದು ಶುರು ಮಾಡಿದ್ದೇನೆ. ಚೆಕ್‌ರೋಲಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಪಿಎಫ್‌ನಲ್ಲಿ ಇನಿಷಿಯಲ್ ಬೇರೆ. ಅಮ್ಮ ಕೆಲಸ ಬಿಡುವುದಕ್ಕೆ ಇನ್ನೂ ಆರು ವರ್ಷ ಇದೆ.