ಸಿಬ್ಬಂದಿಯ ನೆಮ್ಮದಿ: ಕೆಲಸದ ಹಂಚಿಕೆಯಿಂದ ಶುರು ಮಾಡಿ

ಸಿಬ್ಬಂದಿಯ ಕ್ಷೇಮ ಎಂದ ಕೂಡಲೇ ಧ್ಯಾನ ಶಿಬಿರ, ಆಟದ ಸಂಜೆ ಏರ್ಪಾಡಾಗುತ್ತವೆ. ಅವುಗಳಿಂದ ಕೆಡುಕೇನಿಲ್ಲ. ಆದರೆ ಒಬ್ಬರ ತಲೆಗೆ ಇಬ್ಬರ ಕೆಲಸ ಕಟ್ಟಿ ಸಂಜೆ ಧ್ಯಾನಕ್ಕೆ ಕರೆದರೆ, ಅಲ್ಲಿ ಕಳೆದ ಒಂದು ಗಂಟೆಯ ಕೆಲಸವನ್ನೂ ಅವರು ರಾತ್ರಿ ಕೂತು ಮುಗಿಸಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎಂದು ಗುರುತಿಸಿತು. ಅದಕ್ಕೆ ಮೂರು ಲಕ್ಷಣ: ಪೂರ್ತಿ ಬಸವಳಿಯುವುದು, ಕೆಲಸದ ಮೇಲೆ ಕಹಿ ಹುಟ್ಟಿ ಮನಸ್ಸು ದೂರ ಸರಿಯುವುದು, ಮೊದಲಿನಂತೆ ಕೈ ಸಾಗದಿರುವುದು. ಬೇರು ಕೆಲಸದಲ್ಲಿರುವಾಗ ಮದ್ದನ್ನೂ ಅಲ್ಲೇ ಹುಡುಕಬೇಕು.

ಮೊದಲು ಲೆಕ್ಕ

ಎರಡು ವಾರ ಪ್ರತಿಯೊಬ್ಬರೂ ಮೂರೇ ಸಂಗತಿ ಬರೆದಿಡಲಿ: ಏನು ಮಾಡಿದೆ, ಎಷ್ಟು ಹೊತ್ತು ಹಿಡಿಯಿತು, ಯಾರು ಕೇಳಿದ್ದು. ಮೀಟಿಂಗ್, ಫೋನ್, "ಒಂದು ಸಣ್ಣ ಸಹಾಯ" ಎಂದು ಬಂದವು ಎಲ್ಲವೂ ಸೇರಲಿ. ಸಾಮಾನ್ಯವಾಗಿ ಸಮಯ ಸೋರಿಹೋಗುವುದು ಈ ಸಣ್ಣ ಸಹಾಯಗಳಲ್ಲೇ. ಈ ಪಟ್ಟಿಯನ್ನು ಬಡ್ತಿಗಾಗಲಿ ಸಂಬಳದ ತೀರ್ಮಾನಕ್ಕಾಗಲಿ ಬಳಸುವುದಿಲ್ಲ ಎಂದು ಮೊದಲೇ ಬರಹದಲ್ಲಿ ತಿಳಿಸಿ. ಇಲ್ಲದಿದ್ದರೆ ಎಲ್ಲರ ಪಟ್ಟಿಯೂ ಅಚ್ಚುಕಟ್ಟಾಗಿ ದಿನಕ್ಕೆ ಎಂಟು ಗಂಟೆ ತೋರಿಸುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ.

ಆಮೇಲೆ ಹಂಚಿ. ವಾರಕ್ಕೆ 40 ಗಂಟೆ ಇದ್ದರೆ 32 ಗಂಟೆಗಷ್ಟೇ ಕೆಲಸ ಒಪ್ಪಿಸಿ, ಉಳಿದದ್ದು ದಿಢೀರ್ ಬರುವುದಕ್ಕೆ ಮೀಸಲು. ಮಿಕ್ಕಿದ ಕೆಲಸವನ್ನು ಕೈಬಿಡಬೇಕೋ, ಮುಂದೂಡಬೇಕೋ, ಬೇರೆಯವರಿಗೆ ಕೊಡಬೇಕೋ ಎಂಬುದನ್ನು ಮ್ಯಾನೇಜರ್ ತೀರ್ಮಾನಿಸಬೇಕು. "ಯಾವುದು ಮೊದಲು ಅಂತ ನೀವೇ ನೋಡ್ಕೊಳ್ಳಿ" ಎಂದರೆ ಭಾರ ಇಳಿಯುವುದಿಲ್ಲ, ತಪ್ಪಿದರೆ ಬೈಸಿಕೊಳ್ಳುವ ಭಯವೂ ಸೇರಿಕೊಳ್ಳುತ್ತದೆ. ಇದು ದೇಹಕ್ಕೂ ಸಂಬಂಧಪಟ್ಟ ಮಾತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿವೆ.

ಅರ್ಧ ಗಂಟೆಯ ಮಾತು

ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇದು. ಎರಡು ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ 30 ನಿಮಿಷ, ಬಾಗಿಲು ಮುಚ್ಚಿ ಕೂತು ಮಾತಾಡಿ. ಅನಿವಾರ್ಯವಾದರೆ ದಿನ ಬದಲಿಸಿ, ರದ್ದು ಮಾಡಬೇಡಿ. ಎರಡು ಸಲ ರದ್ದಾದರೆ ಮೂರನೆಯ ಸಲ ಎದುರಿಗಿರುವವರು ಮನಸ್ಸು ಬಿಚ್ಚುವುದಿಲ್ಲ.

"ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೀನಿ ಸರ್" ಎಂದೇ ಉತ್ತರ ಬರುತ್ತದೆ. ಬದಲಿಗೆ ಹೀಗೆ ಕೇಳಿ: "ಈ ವಾರ ಯಾವ ಕೆಲಸ ನಿಮ್ಮನ್ನ ಜಾಸ್ತಿ ಹಿಂಡ್ತು?" "ಯಾವುದನ್ನ ಪಕ್ಕಕ್ಕಿಟ್ಟರೆ ಸ್ವಲ್ಪ ಉಸಿರಾಡಬಹುದು?" "ನಾನು ತೀರ್ಮಾನ ಕೊಡದೆ ಏನಾದರೂ ನಿಂತಿದೆಯಾ?" ಕೇಳಿದ ಮೇಲೆ ಸುಮ್ಮನಿರಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಿಜವಾದ ಉತ್ತರ ಬಹಳ ಸಲ ಆ ಮೌನದ ನಂತರವೇ ಹೊರಡುತ್ತದೆ. ನೀವು ಮಾಡಿಕೊಡುತ್ತೇನೆ ಎಂದದ್ದನ್ನು ಅಲ್ಲೇ ಬರೆದುಕೊಳ್ಳಿ, ಮುಂದಿನ ಭೇಟಿಯಲ್ಲಿ ಮೊದಲು ಅದನ್ನೇ ಎತ್ತಿ.

ಯಾರಾದರೂ ಕುಗ್ಗಿದಂತೆ ಕಂಡರೆ "ನಿಮಗೆ ಡಿಪ್ರೆಶನ್ ಇರಬೇಕು" ಎನ್ನಬೇಡಿ. ಕಣ್ಣಿಗೆ ಬಿದ್ದದ್ದನ್ನಷ್ಟೇ ಹೇಳಿ: "ಒಂದು ವಾರದಿಂದ ರಾತ್ರಿ ಹನ್ನೊಂದಕ್ಕೆ ನಿಮ್ಮ ಮೇಲ್ ಬರ್ತಿದೆ, ಮೀಟಿಂಗಲ್ಲಿ ಮಾತೂ ಕಡಿಮೆಯಾಗಿದೆ. ಏನಾದರೂ ಭಾರ ಆಗ್ತಿದೆಯಾ?" "ಯಾರಿಗೂ ಹೇಳೋದಿಲ್ಲ" ಎಂದು ಪೂರ್ತಿ ಮಾತು ಕೊಡುವುದೂ ತಪ್ಪು. ಪ್ರಾಣಕ್ಕೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸಿ. ಸಾಯುವ ಮಾತು ಬಂದರೆ ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರನ್ನೋ ತುರ್ತು ಸಹಾಯವಾಣಿಯನ್ನೋ ಸಂಪರ್ಕಿಸಿ.

ಸರ್ವೆ ಮಾಡುವುದಾದರೆ

ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ ಕೆಲಸದ ಒತ್ತಡಕ್ಕೆ ಆರು ಮೂಲ ಗುರುತಿಸುತ್ತದೆ: ಕೆಲಸದ ಹೊರೆ, ಅದರ ಮೇಲಿನ ಹಿಡಿತ, ಸಿಗುವ ಬೆಂಬಲ, ಪರಸ್ಪರ ಸಂಬಂಧ, ಪಾತ್ರದ ಸ್ಪಷ್ಟತೆ, ಬದಲಾವಣೆ ತರುವ ರೀತಿ. ಒಂದೊಂದಕ್ಕೆ ಒಂದು ಪ್ರಶ್ನೆ ಇಟ್ಟರೆ ಸಾಕು. ಹೆಸರು ಕೇಳದಿದ್ದರೂ ವಿಭಾಗ, ವಯಸ್ಸು, ಸೇರಿದ ವರ್ಷ ಮೂರನ್ನೂ ಕೇಳಿದರೆ ಯಾರೆಂದು ಪತ್ತೆಯಾಗುತ್ತದೆ. ವಿಭಾಗ ಒಂದೇ ಸಾಕು. ಐವರಿಗಿಂತ ಕಡಿಮೆ ಜನ ಉತ್ತರಿಸಿದ ಟೀಮಿನ ಫಲಿತಾಂಶವನ್ನು ಬೇರೆ ಟೀಮಿನೊಂದಿಗೆ ಸೇರಿಸಿಯೇ ತೋರಿಸಿ. ಎರಡು ವಾರದೊಳಗೆ ಫಲಿತಾಂಶ ಎಲ್ಲರ ಮುಂದಿಡಿ, ಆಗದ ಕೆಲಸವನ್ನು ಆಗದು ಎಂದೇ ಹೇಳಿ. ಕೇಳಿ ಮೂಲೆಗಿಡುವುದಕ್ಕಿಂತ ಕೇಳದಿರುವುದೇ ಮೇಲು.

ಕೆಲಸದ ಹೊತ್ತು ಮುಗಿದ ಮೇಲೆ

ರಾತ್ರಿ ಬರೆದ ಮೇಲ್ ಬೆಳಿಗ್ಗೆ ಹೋಗುವಂತೆ ಸಮಯ ನಿಗದಿ ಮಾಡಿ. ಮೇಲಿನವರು ಇದನ್ನು ಪಾಲಿಸದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ. ತುರ್ತಿಗೆ ಫೋನ್ ಮಾತ್ರ, ಅದೂ ಸರದಿಯ ಮೇಲೆ. ಶಿಫ್ಟ್ ಇದ್ದರೆ ಎರಡರ ನಡುವೆ ಕನಿಷ್ಠ 11 ಗಂಟೆ ಬಿಡುವು ಕೊಡಿ. ಸರದಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ಸಾಗಲಿ, ಏಕೆಂದರೆ ನಿದ್ದೆಯನ್ನು ಹಿಂದಕ್ಕೆಳೆಯುವುದಕ್ಕಿಂತ ಮುಂದೂಡುವುದು ಬಹುಪಾಲು ಜನರ ದೇಹಕ್ಕೆ ಸುಲಭ.

ದೀರ್ಘ ರಜೆ ಮುಗಿಸಿ ಬಂದವರಿಗೆ

ಹಿಂದಿರುಗುವ ಒಂದು ವಾರ ಮುಂಚೆ ಫೋನ್ ಮಾಡಿ, ಸಹೋದ್ಯೋಗಿಗಳಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ಅವರನ್ನೇ ಕೇಳಿ. ವೈದ್ಯರ ಸಲಹೆಯಂತೆ ಮೊದಲ ವಾರ ಅರ್ಧ ದಿನ, ನಂತರ ಮುಕ್ಕಾಲು ದಿನ, ನಾಲ್ಕನೆಯ ವಾರಕ್ಕೆ ಪೂರ್ತಿ ದಿನ ಎಂದು ಏರಿಸಬಹುದು. ಇಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ: ಹೊತ್ತು ಅರ್ಧಕ್ಕಿಳಿಸಿ ಟಾರ್ಗೆಟ್ ಮಾತ್ರ ಹಾಗೇ ಬಿಡುವುದು. ಹೊತ್ತಿನ ಜೊತೆಗೇ ಟಾರ್ಗೆಟ್ಟನ್ನೂ ಇಳಿಸಿ. ರಜೆಯಲ್ಲಿ ಬಂದು ಗುಡ್ಡೆಬಿದ್ದ ಮೇಲ್‌ಗಳನ್ನು ಬೇರೊಬ್ಬರು ಸೋಸಿ, ಬೇಕಾದ ಹತ್ತು ಹದಿನೈದನ್ನಷ್ಟೇ ಕೈಗೆ ಕೊಡಲಿ. ಪೂರ್ತಿ ದಿನಕ್ಕೆ ಮರಳಿದ ತಿಂಗಳ ನಂತರ ಇನ್ನೊಂದು ಭೇಟಿಯ ದಿನಾಂಕವನ್ನು ಈಗಲೇ ಕ್ಯಾಲೆಂಡರಿನಲ್ಲಿ ಹಾಕಿಡಿ.