ಹಾರುವ ಮಣ್ಣಿನ ತಟ್ಟೆಗೆ ಗುರಿ ಇಡೋದು ಹೇಗೆ?

ಸೇನೆಯಲ್ಲಿ ನಾನು ಕಲಿತದ್ದು ರೈಫಲ್. ಉಸಿರು ಬಿಗಿಹಿಡಿದು, ಅಲ್ಲಾಡದ ಗುರಿಗೆ ಹೊಡೆಯೋದು. ನಿವೃತ್ತನಾಗಿ ಕೋಲಾರಕ್ಕೆ ಬಂದ ಮೇಲೆ ಟ್ರ್ಯಾಪ್ ಶೂಟಿಂಗ್, ಅಂದರೆ ಹಾರುವ ತಟ್ಟೆಗೆ ಹೊಡೆಯೋದು, ಹಿಡಿದೆ. ಆ ಅಭ್ಯಾಸವನ್ನೇ ಬಿಡಬೇಕಾಯಿತು. ಇಲ್ಲಿ 11 ಸೆಂಟಿಮೀಟರ್ ತಟ್ಟೆ 15 ಮೀಟರ್ ಮುಂದಿನ ಗುಂಡಿಯಿಂದ ಚಿಮ್ಮುತ್ತದೆ. ಎಡಕ್ಕೋ ಬಲಕ್ಕೋ, ಮೊದಲೇ ಗೊತ್ತಾಗೋದಿಲ್ಲ.

ಮೊದಲು ನಿಮ್ಮ ಗಟ್ಟಿ ಕಣ್ಣು, ಅಂದರೆ ಗುರಿ ನೋಡುವಾಗ ಮುಂದಾಗುವ ಕಣ್ಣು, ಯಾವುದು ನೋಡಿಕೊಳ್ಳಿ. ಕೈ ಚಾಚಿ, ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ. ಅದರಲ್ಲಿ ದೂರದ ಕಂಬ ನೋಡುತ್ತಾ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಕಂಬ ಕಿಂಡಿಯಲ್ಲೇ ಉಳಿಯುತ್ತದೋ ಅದೇ. ಸಾಮಾನ್ಯವಾಗಿ ಬಂದೂಕು ಆ ಕಡೆಯ ಭುಜಕ್ಕೆ.

ಆಮೇಲೆ ಬಂದೂಕಿಲ್ಲದೆ ಅಭ್ಯಾಸ. ನಾನು ಬೆಳಿಗ್ಗೆ ಕೋಲಾರಮ್ಮ ಕೆರೆ ಏರಿ ಮೇಲೆ ನಿಂತು, ಹಾರುವ ಹಕ್ಕಿಯ ಹಿಂದೆ ಬೆರಳು ಓಡಿಸುತ್ತಿದ್ದೆ. ಸೊಂಟದಿಂದ ತಿರುಗಬೇಕು, ಬರೀ ಕೈಯಿಂದಲ್ಲ. ಬೆರಳು ಹಕ್ಕಿಯನ್ನು ದಾಟಿದ ಮೇಲೂ ನಿಲ್ಲಬಾರದು. ಕುದುರೆ (ಟ್ರಿಗರ್) ಎಳೆದ ಕೂಡಲೇ ಬಂದೂಕು ನಿಂತರೆ ಛರ್ರೆ, ಅಂದರೆ ತೋಟಾದ ಸಣ್ಣ ಗುಂಡುಗಳು, ತಟ್ಟೆಯ ಹಿಂದೆ ಹೋಗುತ್ತದೆ. ನನ್ನ ಮೊದಲ 25 ತಟ್ಟೆಗಳಲ್ಲಿ 19 ಹೀಗೇ ತಪ್ಪಿದವು.

ಕೆನ್ನೆಯನ್ನು ಬಂದೂಕಿನ ಮರಕ್ಕೆ ಒತ್ತಿಡಿ, ತಟ್ಟೆ ಒಡೆಯಿತಾ ಅಂತ ತಲೆ ಎತ್ತಬೇಡಿ. ನಮ್ಮ ಸೇನೆಯ ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ಗೆದ್ದರು, ಒಟ್ಟೊಟ್ಟಿಗೆ ಎರಡೆರಡು ತಟ್ಟೆ ಹೊಡೆದು! ನಿಮ್ಮ ಸರದಿ ಬರುವವರೆಗೆ ಬಂದೂಕಿನ ನಳಿಕೆ ಬಾಗಿಸಿ ತೆರೆದಿರಲಿ, ಖಾಲಿ ಇರಲಿ.